ನ್ಯಾನೊಸೆಕೆಂಡು ವಿನಂತಿಗಳ ಲೆಕ್ಕಕ್ಕೆ ಸೇರಿದಾಗ: ಸಿಎಫ್‌ಕ್ಯೂ ಶೆಡ್ಯೂಲರ್ ತಿದ್ದಿದ ಅನುಭವ

ನಮ್ಮ ಎಸ್‌ಎಸ್‌ಡಿ ಸರ್ವರೊಂದರಲ್ಲಿ ಬ್ಯಾಕಪ್ ನಡೆಯುವಾಗಲೆಲ್ಲ ಇನ್ನೊಂದು ಕಂಟೇನರಿನ ಡೇಟಾಬೇಸ್ ತಡವರಿಸುತ್ತಿತ್ತು. ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಲಿನಕ್ಸ್ 4.9; ಡಿಸ್ಕ್ ಶೆಡ್ಯೂಲರ್, ಅಂದರೆ ಓದು-ಬರಹದ ವಿನಂತಿಗಳಲ್ಲಿ ಯಾವುದು ಮೊದಲು ಡಿಸ್ಕಿಗೆ ಹೋಗಬೇಕೆಂದು ನಿರ್ಧರಿಸುವ ಭಾಗ, ಸಿಎಫ್‌ಕ್ಯೂ. ವಿನಂತಿಗಳ ಹಾದಿಯನ್ನು ದಾಖಲಿಸುವ ಬಿಎಲ್‌ಕೆ-ಟ್ರೇಸ್ ಹಾಕಿ ನೋಡಿದರೆ, ಡಿಸ್ಕಿಗೆ ರವಾನೆಯಾದ ವಿನಂತಿಗಳು ಕೂಡಲೇ ಮುಗಿಯುತ್ತಿದ್ದವು; ಸಾಲಿಗೆ ಸೇರಿದ ಮೇಲೆ ರವಾನೆಯಾಗುವುದಕ್ಕೇ ಹೊತ್ತು ಹಿಡಿಯುತ್ತಿತ್ತು. ಆದ್ದರಿಂದ ಡಿಸ್ಕಿನ ಮೇಲಿನ ಅನುಮಾನ ಬಿಟ್ಟು ಶೆಡ್ಯೂಲರಿನ ಕೋಡ್ ಓದಲು ಕುಳಿತೆ.

ಸಿಎಫ್‌ಕ್ಯೂ ಪ್ರತಿಯೊಂದು ಗುಂಪಿಗೂ (ನಮ್ಮಲ್ಲಿ ಒಂದೊಂದು ಕಂಟೇನರ್ ಒಂದೊಂದು ಗುಂಪು) ವಿಡಿಸ್ಕ್‌ಟೈಮ್ ಎಂಬ ಖಾತೆ ಇಡುತ್ತದೆ; ಯಾರ ಮೊತ್ತ ಕಡಿಮೆಯೋ ಅವರ ಸರದಿ ಮೊದಲು. ಸಾಮಾನ್ಯವಾಗಿ ಖಾತೆಗೆ ಬೀಳುವುದು ಬಳಸಿದ ಕಾಲ. ಆದರೆ ಹಲವು ವಿನಂತಿಗಳನ್ನು ಒಟ್ಟಿಗೆ ಸ್ವೀಕರಿಸಬಲ್ಲ ಡಿಸ್ಕಿನಲ್ಲಿ ಸ್ಲೈಸ್ ಐಡಲ್ (ಮುಂದಿನ ವಿನಂತಿಗಾಗಿ ಡಿಸ್ಕನ್ನು ಸುಮ್ಮನಿರಿಸಿ ಕಾಯುವ ಅವಧಿ) ಮೌಲ್ಯವನ್ನು ಸೊನ್ನೆಗಿಳಿಸಿದರೆ, ನಾವು ಮಾಡಿದ್ದೂ ಅದನ್ನೇ, ಶೆಡ್ಯೂಲರ್ ಐಒಪಿಎಸ್ ಕ್ರಮಕ್ಕೆ ಹೊರಳಿ, ಕಾಲದ ಬದಲು ವಿನಂತಿಗಳನ್ನು ಎಣಿಸುತ್ತದೆ. ಖಾಲಿಯಾಗಿ ಹೋಗಿ ಮರಳಿ ಬಂದ ಗುಂಪನ್ನು, ಸಾಲಿನಲ್ಲಿ ಕೊನೆಗಿರುವ ಗುಂಪಿನ ಮೊತ್ತಕ್ಕೆ ನಿಗದಿತ ವಿಳಂಬವೊಂದನ್ನು ಕೂಡಿಸಿ ಅದರ ಹಿಂದೆ ನಿಲ್ಲಿಸಲಾಗುತ್ತದೆ.

ತೊಡಕು ಇದ್ದದ್ದು ಈ ವಿಳಂಬದಲ್ಲಿ. ಮೊದಲು ಅದು ಎಚ್‌ಜೆಡ್‌ನ (ಕರ್ನಲ್ ಗಡಿಯಾರ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬ ಸಂಖ್ಯೆ) ಐದನೆಯ ಒಂದು ಭಾಗ, ಅಂದರೆ ಎಚ್‌ಜೆಡ್ 250 ಇರುವ ಕರ್ನಲ್‌ನಲ್ಲಿ 50 ಆಗಿತ್ತು. 2016ರಲ್ಲಿ, 4.8ನೇ ಆವೃತ್ತಿಗೆ, ಸಿಎಫ್‌ಕ್ಯೂವನ್ನು ಜಿಫಿಗಳಿಂದ (ಆ ಗಡಿಯಾರದ ಮಿಡಿತಗಳಿಂದ) ನ್ಯಾನೊಸೆಕೆಂಡುಗಳಿಗೆ ಬದಲಿಸಿದಾಗ ಅದೇ ವಿಳಂಬ, ಅಂದರೆ ಸೆಕೆಂಡಿನ ಐದನೆಯ ಒಂದು ಭಾಗ, 20 ಕೋಟಿಯಾಯಿತು. ಕಾಲವನ್ನು ಅಳೆಯುವ ಕ್ರಮದಲ್ಲಿ ಇದು ಸರಿ. ಐಒಪಿಎಸ್ ಕ್ರಮದಲ್ಲಿ, ಎರಡು ಗುಂಪುಗಳು ಸಮಪಾಲು ಹಂಚಿಕೊಂಡಿದ್ದರೆ, ಒಂದು ವಿನಂತಿಗೆ ಖಾತೆ 8,192ರಷ್ಟು ಏರುತ್ತದೆ. ಹಳೆಯ 50 ಒಂದು ವಿನಂತಿಗೂ ಸಾಲದು. 20 ಕೋಟಿ ಎಂದರೆ ಬ್ಯಾಕಪ್ಪಿನ ಸುಮಾರು 24,000 ವಿನಂತಿಗಳು ಮುಗಿಯುವ ತನಕ ಕಾಯಬೇಕು. ಲಾಗ್ ಬರೆದು, ಸುಮ್ಮನಾಗಿ, ಮತ್ತೆ ಬರುವ ಡೇಟಾಬೇಸಿಗೆ ಬಂದಾಗಲೆಲ್ಲ ಈ ದಂಡ.

ತಿದ್ದುಪಡಿ ಚಿಕ್ಕದು. ಒಂದೇ ಸ್ಥಿರಾಂಕವನ್ನು ಎರಡಾಗಿ ಒಡೆದು, ಕಾಲದ ಕ್ರಮಕ್ಕೆ ನ್ಯಾನೊಸೆಕೆಂಡಿನ ಮೌಲ್ಯವನ್ನೂ ಐಒಪಿಎಸ್ ಕ್ರಮಕ್ಕೆ ಹಳೆಯ ಮೌಲ್ಯವನ್ನೂ ಕೊಡುವ ಫಂಕ್ಷನ್ ಬರೆದೆ. ವಿನಂತಿ ಎಣಿಸುವಲ್ಲಿ ಗಡಿಯಾರದಿಂದ ಬಂದ ಸಂಖ್ಯೆಗೆ ಅರ್ಥವಿಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ನಾನು ಒಪ್ಪುತ್ತೇನೆ; ಆದರೂ ವರ್ಷಗಟ್ಟಲೆ ನಡೆದು ಬಂದ ಮೌಲ್ಯವನ್ನು ಉಳಿಸಿಕೊಳ್ಳುವುದೇ ಕ್ಷೇಮವೆನಿಸಿತು, ಏಕೆಂದರೆ ಹೊಸ ಸಂಖ್ಯೆಯನ್ನು ಬೇರೆ ಬೇರೆ ಹೊರೆಗಳಲ್ಲಿ ಮತ್ತೆ ಪರೀಕ್ಷಿಸಬೇಕಾಗುತ್ತಿತ್ತು. ಕರ್ನಲ್ ಮರುನಿರ್ಮಿಸಿ ಅದೇ ಬ್ಯಾಕಪ್ ಓಡಿಸಿದಾಗ ಟ್ರೇಸಿನಲ್ಲಿ ಆ ದೀರ್ಘ ಅಂತರಗಳು ಕಾಣಲಿಲ್ಲ.

ಮೂಲ ಲಿನಕ್ಸ್‌ನಲ್ಲೂ 2017ರಲ್ಲಿ ಇದೇ ಬಗೆಯ ತಿದ್ದುಪಡಿ ಆಗಿದೆ, 2019ರ 5.0ರಲ್ಲಿ ಸಿಎಫ್‌ಕ್ಯೂವನ್ನೇ ತೆಗೆದುಹಾಕಲಾಯಿತು. ಹಳೆಯ ಕರ್ನಲ್‌ಗಳನ್ನು ಸ್ವತಃ ಕಟ್ಟಿಕೊಂಡು ನಡೆಸುತ್ತಿರುವವರು ಮಾತ್ರ, ಸ್ಲೈಸ್ ಐಡಲ್ ಸೊನ್ನೆ ಮಾಡುವ ಮುನ್ನ, ತಮ್ಮ ಕೋಡಿನಲ್ಲಿ ಗುಂಪಿನ ವಿಳಂಬಕ್ಕೆ ಒಂದೇ ಸ್ಥಿರಾಂಕವಿದೆಯೋ ಎರಡೋ ಎಂಬುದನ್ನು ನೋಡಿಕೊಳ್ಳಬೇಕು.