ಗ್ರ್ಯಾಂಡ್ ಟರ್ಕ್‌ನಲ್ಲಿ ಒಂದು ಹಗಲು: ಹಡಗಿನಿಂದ ಇಳಿದು ಮತ್ತೆ ಹತ್ತುವವರೆಗೆ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರನ್ನು ಕ್ರೂಸ್‌ಗೆ ಕರೆದುಕೊಂಡು ಹೋಗುವುದು ಈಗ ನಮ್ಮವರಲ್ಲಿ ಜಾಸ್ತಿಯಾಗಿದೆ. ಫ್ಲೋರಿಡಾದಿಂದ ಹೊರಟ ಹಡಗು ಒಂದೆರಡು ದಿನ ಬರೀ ನೀರು ತೋರಿಸುತ್ತದೆ. ಆಮೇಲೆ ಒಂದು ಬೆಳಗ್ಗೆ ಪರದೆ ಸರಿಸಿದರೆ ಎದುರಿಗೆ ಬಿಳಿ ಮರಳಿನ ಸಣ್ಣ ಗೆರೆ. ಅದು ಗ್ರ್ಯಾಂಡ್ ಟರ್ಕ್ ಇರಬಹುದು. ಬ್ರಿಟನ್ನಿನ ಆಡಳಿತಕ್ಕೆ ಸೇರಿದ ಟರ್ಕ್ಸ್ ಆ್ಯಂಡ್ ಕೈಕೋಸ್ ದ್ವೀಪಗಳ ರಾಜಧಾನಿ ಇರುವುದು ಇಲ್ಲೇ. ದ್ವೀಪದ ಉದ್ದ ಸುಮಾರು 11 ಕಿಲೋಮೀಟರ್. ಅಗಲ ಎರಡೂವರೆ ಕಿಲೋಮೀಟರ್ ಇದ್ದರೆ ಹೆಚ್ಚು. ಜನ ಐದು ಸಾವಿರದ ಆಸುಪಾಸು.

ಇಷ್ಟು ಚಿಕ್ಕ ಜಾಗಕ್ಕೆ ಯೋಜನೆ ಬೇರೆ ಬೇಕಾ ಅಂತ ನಾನೂ ಅಂದುಕೊಂಡಿದ್ದೆ. ಮೊದಲ ಸಲ ಹೋದಾಗ ಸುಮ್ನೆ ಇಳಿದು, ಬಂದರಿನ ಅಂಗಡಿ ಸಾಲಿನಲ್ಲೇ ಅರ್ಧ ದಿನ ಕಳೆದು, ಊರನ್ನು ನೋಡದೆ ವಾಪಸ್ ಬಂದೆ. ಎರಡನೇ ಸಲ ಅಪ್ಪ ಅಮ್ಮ ಜೊತೆಗಿದ್ದರು. ಆಗ ಕೂತು ಲೆಕ್ಕ ಹಾಕಿಕೊಂಡೇ ಹೋದೆವು. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪಾಸ್‌ಪೋರ್ಟ್, ವೀಸಾ

ಟಿಕೆಟ್ ಬುಕ್ ಮಾಡುವ ಮೊದಲೇ ಇದನ್ನು ಮುಗಿಸಿ. ಅಮೆರಿಕದಿಂದ ಹೊರಟು ಅಮೆರಿಕಕ್ಕೇ ವಾಪಸಾಗುವ ಹಡಗಾದರೂ ನಡುವೆ ನೀವು ದೇಶ ಬಿಟ್ಟು ಹೊರಗೆ ಹೋಗಿರುತ್ತೀರಿ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮತ್ತೆ ಒಳಗೆ ಬರಲು ಅಮೆರಿಕದ ವೀಸಾ ಚಾಲ್ತಿಯಲ್ಲಿರಬೇಕು, ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಕೊಡುವಂಥದ್ದಾಗಿರಬೇಕು.

ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಇರುವವರು ಇಲ್ಲಿ ಎಡವುತ್ತಾರೆ. ಕೆಲಸದ ಅನುಮತಿ ಸರಿಯಿದ್ದು, ಪಾಸ್‌ಪೋರ್ಟಿನ ಸ್ಟಾಂಪಿಂಗ್ (ಅದರಲ್ಲಿ ಅಂಟಿಸಿದ ವೀಸಾ) ಅವಧಿ ಮಾತ್ರ ಮುಗಿದಿದ್ದರೆ, 30 ದಿನದೊಳಗೆ ಕೆನಡಾ ಅಥವಾ ಮೆಕ್ಸಿಕೋಗೆ ಹೋಗಿ ಬರಲು ಒಂದು ರಿಯಾಯಿತಿ ಇದೆ. ಆ ರಿಯಾಯಿತಿ ಎಚ್-1ಬಿಯವರಿಗೆ ಕೆರಿಬಿಯನ್ ದ್ವೀಪಗಳಿಗೆ ಅನ್ವಯಿಸುವುದಿಲ್ಲ. 'ಹೋದ ವರ್ಷ ಸ್ನೇಹಿತರು ಹೋಗಿದ್ರು, ಏನೂ ಆಗ್ಲಿಲ್ಲ' ಎಂಬ ಮಾತು ನಂಬಿ ಹಡಗು ಹತ್ತಬೇಡಿ. ಸ್ಟಾಂಪಿಂಗ್ ಅವಧಿ ಮುಗಿದಿದ್ದರೆ ವಕೀಲರನ್ನು ಕೇಳಿ.

ದ್ವೀಪದಲ್ಲಿ ಇಳಿಯಲು ಭಾರತದ ಪಾಸ್‌ಪೋರ್ಟಿನವರಿಗೆ ಏನು ಬೇಕು ಎಂಬುದನ್ನು ಕ್ರೂಸ್ ಕಂಪನಿಗೆ ಇಮೇಲ್ ಮಾಡಿ ಬರವಣಿಗೆಯಲ್ಲೇ ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ ಮಾತಿಗೆ ಬಂದರಿನಲ್ಲಿ ಬೆಲೆ ಇಲ್ಲ.

ಆ ದಿನ ಎಷ್ಟು ಹಡಗು ನಿಲ್ಲುತ್ತವೆ?

ಬಂದರು ದ್ವೀಪದ ದಕ್ಷಿಣ ತುದಿಯಲ್ಲಿದೆ. 2006ರಲ್ಲಿ ಶುರುವಾಯಿತು. ಹಡಗು ನೇರವಾಗಿ ಕಟ್ಟೆಗೇ ಬಂದು ನಿಲ್ಲುತ್ತದೆ. ಸಣ್ಣ ದೋಣಿಗೆ ಇಳಿದು ದಡಕ್ಕೆ ಹೋಗುವ ತಾಪತ್ರಯ ಇಲ್ಲ, ಮಂಡಿನೋವಿನ ಹಿರಿಯರಿಗೆ ಇದೊಂದು ದೊಡ್ಡ ಅನುಕೂಲ. ಆದರೆ ಕಟ್ಟೆ ಉದ್ದವಾಗಿದೆ, ಬಿಸಿಲಲ್ಲಿ ನಡೆಯಬೇಕು.

ಕಟ್ಟೆಯಲ್ಲಿ ಎರಡು ಹಡಗುಗಳು ಒಟ್ಟಿಗೆ ನಿಲ್ಲಬಹುದು. ಒಂದೊಂದರಲ್ಲಿ ಮೂರು ನಾಲ್ಕು ಸಾವಿರ ಜನ. ಅಂದರೆ ಎರಡು ಹಡಗು ಬಂದ ದಿನ ಊರಿನವರಿಗಿಂತ ನೆಂಟರೇ ಜಾಸ್ತಿ. ಯಾವ ದಿನ ಯಾವ ಹಡಗು ಅನ್ನುವ ಪಟ್ಟಿ ಇಂಟರ್ನೆಟ್ಟಿನಲ್ಲಿ ತಿಂಗಳುಗಳ ಮೊದಲೇ ಸಿಗುತ್ತದೆ. ಎರಡು ಹಡಗು ಕಂಡರೆ ಬಂದರಿನ ಪಕ್ಕದ ಬೀಚಿನ ಆಸೆ ಬಿಟ್ಟುಬಿಡಿ, ಇಲ್ಲವೇ ಬೇಗ ಇಳಿದು ಕುರ್ಚಿ ಹಿಡಿಯಿರಿ.

ಗಡಿಯಾರವನ್ನು ಹಿಂದಿನಿಂದ ಎಣಿಸಿ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುತ್ತೀರಾದರೆ ಇದನ್ನು ಇಟ್ಟುಕೊಳ್ಳಿ.

ಹಡಗು ಬೆಳಗ್ಗೆ 8ಕ್ಕೆ ಬಂದು ಸಂಜೆ 5ಕ್ಕೆ ಹೊರಡುತ್ತದೆ ಅಂದುಕೊಳ್ಳಿ. ಒಂಬತ್ತು ಗಂಟೆ ಇದೆಯಲ್ಲ ಅನಿಸುತ್ತದೆ. ಸಾಮಾನ್ಯವಾಗಿ ಹೊರಡುವ ಅರ್ಧ ಗಂಟೆ ಮೊದಲೇ ಎಲ್ಲರೂ ಹತ್ತಿರಬೇಕು, ಅಂದರೆ 4:30. ಕಟ್ಟೆಯ ನಡಿಗೆ, ತಪಾಸಣೆಯ ಸಾಲು ಸೇರಿಸಿದರೆ 3:30ಕ್ಕೆ ನೀವು ಬಂದರಿನಲ್ಲಿರಬೇಕು. ಬೆಳಗ್ಗೆ ತಿಂಡಿ ತಿಂದು, ಅಮ್ಮನ ಮಾತ್ರೆ ಹುಡುಕಿ, ಇಳಿಯುವ ಹೊತ್ತಿಗೆ 9:30. ಉಳಿದದ್ದು ಆರು ಗಂಟೆ. ಊಟಕ್ಕೆ, ಟ್ಯಾಕ್ಸಿಗೆ ಒಂದೊಂದು ಗಂಟೆ ಕಳೆಯಿರಿ. ಕೈಯಲ್ಲಿ ನಾಲ್ಕೇ ಗಂಟೆ.

ನಾಲ್ಕು ಗಂಟೆಯಲ್ಲಿ ಒಂದು ಕೆಲಸ ಚೆನ್ನಾಗಿ ಆಗುತ್ತದೆ. ಎರಡು ಆಗಬಹುದು. ಮೂರಕ್ಕೆ ಹೋದರೆ ಓಟವೇ ಗತಿ.

ಯಾವ ಗಡಿಯಾರ ನೋಡಬೇಕು? ಹಡಗಿನದು. ದ್ವೀಪದ ಸಮಯ, ಫೋನಿನ ಸಮಯ ಯಾವುದನ್ನೂ ನಂಬಬೇಡಿ. ಹಡಗಿನ ಸಮಯಕ್ಕೆ ಹೊಂದಿಸಿದ ಕೈಗಡಿಯಾರ ಒಂದಿದ್ದರೆ ನಿಶ್ಚಿಂತೆ.

ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ. ನೀವೇ ಹೊರಗೆ ಬುಕ್ ಮಾಡಿದ್ದಾದರೆ ಕಾಯುವುದಿಲ್ಲ. ಬೇರೊಂದು ದ್ವೀಪದಲ್ಲಿ ಕಡಿಮೆ ದುಡ್ಡಿಗೆ ಸಿಕ್ಕಿತೆಂದು ನಾವು ಹಿಡಿದಿದ್ದ ಗಾಡಿ ವಾಪಸ್ ಬರುವಾಗ ಮುಕ್ಕಾಲು ಗಂಟೆ ತಡ ಮಾಡಿತು. ಕಟ್ಟೆಯ ಮೇಲೆ ಅಪ್ಪನ ಕೈ ಹಿಡಿದು ಓಡಿದ್ದು ಇವತ್ತಿಗೂ ಮರೆತಿಲ್ಲ. ಅವತ್ತಿನಿಂದ ಹೊರಗಿನ ಪ್ರವಾಸವನ್ನು ಬೆಳಗಿನ ಹೊತ್ತಿಗೆ ಮಾತ್ರ ಬುಕ್ ಮಾಡುತ್ತೇನೆ. ಮಧ್ಯಾಹ್ನವೆಲ್ಲ ಬಂದರಿನ ಹತ್ತಿರವೇ.

ಈಗ ಒಂದನ್ನು ಆರಿಸಿ: ಮರಳಾ, ಊರಾ, ನೀರಾ?

ಮರಳು ಮಾತ್ರ ಸಾಕು ಅನ್ನುವವರಿಗೆ ಕಟ್ಟೆಯ ಪಕ್ಕದಲ್ಲೇ ಬೀಚ್ ಇದೆ. ಜನರ ಗಲಾಟೆ ಬೇಡವಾದರೆ ಉತ್ತರಕ್ಕೆ ಸ್ವಲ್ಪ ದೂರ ಹೋಗಿ, ಗವರ್ನರ್ಸ್ ಬೀಚ್ ಸಿಗುತ್ತದೆ. ಅದರ ಹತ್ತಿರವೇ ವಾಟರ್ಲೂ ಎಂಬ ಗವರ್ನರ್ ನಿವಾಸ. ಕಟ್ಟಿದ್ದು 1815ರಲ್ಲಿ, ಆ ವರ್ಷ ನಡೆದ ಯುದ್ಧದ ಹೆಸರನ್ನೇ ಇಟ್ಟಿದ್ದಾರೆ. ಈ ಬೀಚಿನ ಅಂಚಿನಲ್ಲಿ ಗಾಳಿಮರಗಳಿವೆ. ಅವುಗಳ ನೆರಳಲ್ಲಿ ಚಾದರ ಹಾಸಿ ಕೂತಾಗ ಅಮ್ಮ, 'ಕಾರವಾರದ ಹಾಗೇ ಸದ್ದು ಮಾಡ್ತವೆ ನೋಡು' ಅಂದರು. ನಿಜ, ಅದೇ ಸುಂಯ್ ಅನ್ನುವ ಸದ್ದು. ನೀರು ಮಾತ್ರ ಕಾರವಾರದ್ದಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಂತರೂ ಕಾಲ್ಬೆರಳಿನ ಉಗುರು ಕಾಣುತ್ತದೆ. ಜೀವರಕ್ಷಕರು ಇರುತ್ತಾರೆ ಅಂದುಕೊಳ್ಳಬೇಡಿ. ಈಜು ಬಾರದವರು ಆ ಸೊಂಟದ ಮಟ್ಟದಲ್ಲೇ ನಿಲ್ಲಿ.

ನೀರೊಳಗೆ ನೋಡುವ ಆಸೆ ಇದ್ದವರಿಗೆ ಇದು ಬಹಳ ಹೆಸರಾದ ಜಾಗ. ಪಶ್ಚಿಮ ದಡದಿಂದ ಕೆಲವೇ ನೂರು ಮೀಟರ್ ಆಚೆ ಸಮುದ್ರದ ತಳ ಒಮ್ಮೆಲೇ ಕಡಿದ ಗೋಡೆಯ ಹಾಗೆ ಕೆಳಗಿಳಿಯುತ್ತದೆ. ಆಳ ಸುಮಾರು 2,100 ಮೀಟರ್. ಡೈವಿಂಗ್ ಮಾಡುವವರು ಪ್ರಪಂಚದ ಮೂಲೆ ಮೂಲೆಯಿಂದ ಈ ಗೋಡೆ ನೋಡಲೆಂದೇ ಬರುತ್ತಾರೆ. ಅಷ್ಟು ಧೈರ್ಯ ಇಲ್ಲದಿದ್ದರೆ ದೋಣಿಯಲ್ಲಿ ಗಿಬ್ಸ್ ಕೇಗೆ ಹೋಗಬಹುದು. ಜನವಸತಿ ಇಲ್ಲದ ಪುಟ್ಟ ದ್ವೀಪ ಅದು. ಮೊಣಕಾಲು ಮಟ್ಟದ ನೀರಿಗೆ ಸ್ಟಿಂಗ್‌ರೇಗಳು ಬರುತ್ತವೆ, ನಮ್ಮ ಕರಾವಳಿಯ ತೊರಕೆ ಮೀನಿನ ಜಾತಿಯವು. ಕಾಲೆತ್ತಿ ಇಡಬೇಡಿ, ಮರಳಲ್ಲಿ ಎಳೆಯುತ್ತಾ ನಡೆಯಿರಿ. ಸದ್ದಿಗೆ ಅವು ಪಕ್ಕಕ್ಕೆ ಸರಿಯುತ್ತವೆ.

ನನ್ನನ್ನು ಕೇಳಿದರೆ ಊರಿಗೆ ಹೋಗಿ. ರಾಜಧಾನಿ ಕಾಕ್‌ಬರ್ನ್ ಟೌನ್ ಬಂದರಿನಿಂದ ಸುಮಾರು ಐದು ಕಿಲೋಮೀಟರ್. ಬರೆಯುವುದು ಹಾಗೆ, ಹೇಳುವುದು 'ಕೋಬರ್ನ್'. ಟ್ಯಾಕ್ಸಿ ಹತ್ತುವ ಮೊದಲು ಎರಡು ಪ್ರಶ್ನೆ ಕೇಳಿ: ಈ ರೇಟು ಒಬ್ಬರಿಗಾ, ಎಲ್ಲರಿಗೂ ಸೇರಿನಾ? ಬರೀ ಹೋಗಲಿಕ್ಕಾ, ಹೋಗಿ ಬರಲಿಕ್ಕಾ? ಗಾಲ್ಫ್ ಕಾರ್ಟ್ ಕೂಡ ಬಾಡಿಗೆಗೆ ಸಿಗುತ್ತದೆ. ಇಲ್ಲಿ ಗಾಡಿ ಓಡಿಸುವುದು ನಮ್ಮಂತೆ ಎಡಗಡೆ. ಅಮೆರಿಕದಲ್ಲಿ ಬಲಗಡೆ ಓಡಿಸಿ ಅಭ್ಯಾಸವಾದವರು ತಿರುವುಗಳಲ್ಲಿ ಹುಷಾರು.

ಊರು ಅಂದರೆ ಸಮುದ್ರಕ್ಕೆ ಮುಖ ಮಾಡಿದ ಒಂದೆರಡು ಬೀದಿ, ತಗ್ಗು ಕಲ್ಲಿನ ಗೋಡೆಗಳು, ಮಾಸಿದ ಬಣ್ಣದ ಮರದ ಮನೆಗಳು. ಫ್ರಂಟ್ ಸ್ಟ್ರೀಟ್‌ನ ಗಿನೆಪ್ ಹೌಸ್ ಎಂಬ ಹಳೆಯ ಮನೆಯಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯ ಇದೆ. 1500ರ ದಶಕಗಳ ಆರಂಭದಲ್ಲಿ ಹವಳದ ದಿಬ್ಬಕ್ಕೆ ಬಡಿದು ಮುಳುಗಿದ ಹಡಗೊಂದರ ಅವಶೇಷಗಳು ಇಲ್ಲಿವೆ. ಒಂದು ಗಂಟೆ ಕೊಡಿ. 1962ರ ಫೆಬ್ರವರಿ 20ರಂದು ಭೂಮಿಗೆ ಮೂರು ಸುತ್ತು ಹಾಕಿ ಅಟ್ಲಾಂಟಿಕ್‌ಗೆ ಇಳಿದ ಅಮೆರಿಕದ ಗಗನಯಾತ್ರಿ ಜಾನ್ ಗ್ಲೆನ್ ಅವರನ್ನು ವೈದ್ಯರ ತಪಾಸಣೆಗೆಂದು ಕರೆತಂದದ್ದೂ ಇದೇ ದ್ವೀಪಕ್ಕೆ. ಉತ್ತರದ ತುದಿಯಲ್ಲಿ 1852ರ ದೀಪಸ್ತಂಭ ಇದೆ. ಸಮಯ ಉಳಿದರೆ ನೋಡಿ, ಇಲ್ಲದಿದ್ದರೆ ಬಿಡಿ.

ಬಿಡಬಾರದ್ದು ಉಪ್ಪಿನ ಕೊಳಗಳು. ಊರಿನ ಬೆನ್ನಿಗೇ ಇವೆ, ಸಲೀನಾ ಅನ್ನುತ್ತಾರೆ. ಹೆಚ್ಚಿನ ಪ್ರವಾಸಿಗರು ಟ್ಯಾಕ್ಸಿಯ ಕಿಟಕಿಯಿಂದ ಒಂದು ಫೋಟೋ ತೆಗೆದು ಮುಂದೆ ಹೋಗುತ್ತಾರೆ. ದಯವಿಟ್ಟು ಇಳಿಯಿರಿ. 1600ರ ದಶಕಗಳ ಕೊನೆಯಿಂದ ಬರ್ಮುಡಾದವರು ಇಲ್ಲಿ ಬಂದು ಉಪ್ಪು ತೆಗೆದರು. ಸಮುದ್ರದ ನೀರನ್ನು ತೂಬಿನಿಂದ ಒಂದು ಕೊಳಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಬಿಟ್ಟು ಬಿಸಿಲಿಗೆ ಒಣಗಿಸುವ ಕ್ರಮ. ಮಳೆ ಬಂದರೆ ಉಪ್ಪು ಕರಗುತ್ತದೆ, ಮರ ಇದ್ದರೆ ಮಳೆ ಬರುತ್ತದೆ ಎಂದು ದ್ವೀಪದ ಮರಗಳನ್ನೇ ಕಡಿದರು. ದ್ವೀಪ ಇಂದಿಗೂ ಬೋಳಾಗಿ ಕಾಣುವುದು ಅದಕ್ಕೇ.

ಅಪ್ಪ ಕುಮಟಾದವರು. ಸಾಣಿಕಟ್ಟೆಯ ಉಪ್ಪಿನಾಗರ ನೋಡುತ್ತಾ ಬೆಳೆದವರು. ಕೊಳದ ಏರಿ ಕಂಡದ್ದೇ ಚಪ್ಪಲಿ ಬಿಟ್ಟು ಅದರ ಮೇಲೆ ನಡೆದರು. ಅಂಚಿನ ಕಲ್ಲಿಗೆ ಉಪ್ಪು ಹೊಪ್ಪಳೆಯ ಹಾಗೆ ಕಟ್ಟಿತ್ತು. ಉಗುರಲ್ಲಿ ಕೆರೆದು ನಾಲಿಗೆಗೆ ಮುಟ್ಟಿಸಿ, 'ಗದ್ದೆ ಕಟ್ಟಿದ ಲೆಕ್ಕ ನಮ್ಮ ಆಗರದ್ದೇ' ಅಂದರು. ಆಮೇಲೆ ವಸ್ತುಸಂಗ್ರಹಾಲಯದಲ್ಲಿ ತಿಳಿದದ್ದನ್ನು ಅವರಿಗೆ ಹೇಳಿದೆ. ಇಲ್ಲಿ ದುಡಿದವರು ಗುಲಾಮರು. ಮೇರಿ ಪ್ರಿನ್ಸ್ ಎಂಬ ಹೆಣ್ಣುಮಗಳು ಈ ಉಪ್ಪಿನ ಕೊಳಗಳಲ್ಲಿ ದುಡಿದು, ತನ್ನ ಕಥೆಯನ್ನು ಹೇಳಿ ಬರೆಸಿದಳು. ಅದು 1831ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ದಿನವಿಡೀ ಉಪ್ಪುನೀರಿನಲ್ಲಿ ನಿಂತು ಕಾಲಲ್ಲಿ ಹುಣ್ಣಾಗಿ, ಕೆಲವರಿಗೆ ಅದು ಮೂಳೆಯವರೆಗೂ ಕೊರೆಯುತ್ತಿತ್ತು ಎಂದು ಅವಳು ಹೇಳಿದ್ದಾಳೆ. ಅಪ್ಪ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಾ ನಿಂತರು.

ಬೀದಿಯಲ್ಲಿ ಅಡ್ಡಾಡುವ ಕತ್ತೆಗಳು ಉಪ್ಪಿನ ಗಾಡಿ ಎಳೆದ ಕತ್ತೆಗಳ ಸಂತತಿ. ಉಪ್ಪಿನ ವ್ಯಾಪಾರ ನಿಂತ ಮೇಲೆ ಅವು ಯಾರ ಸ್ವತ್ತೂ ಆಗದೆ ಉಳಿದವು. ಮುದ್ದಾಗಿವೆ ಅಂತ ಬಿಸ್ಕತ್ತು ಕೊಡಬೇಡಿ. ಅಮ್ಮ ಚೀಲದ ಜಿಪ್ ತೆಗೆಯುವಷ್ಟರಲ್ಲಿ ಒಂದು ಮೂತಿಯನ್ನೇ ಒಳಗೆ ತೂರಿಸಿತ್ತು.

ಚೀಲದಲ್ಲಿ ಏನಿರಲಿ?

ಹಡಗಿನ ಕಾರ್ಡ್, ಫೋಟೋ ಇರುವ ಗುರುತಿನ ಚೀಟಿ, ಪಾಸ್‌ಪೋರ್ಟಿನ ನಕಲು. ಟೋಪಿ, ಸನ್‌ಸ್ಕ್ರೀನ್, ನೀರಿನ ಬಾಟಲಿ. ಗಾಳಿ ಸದಾ ಬೀಸುವುದರಿಂದ ಸುಡುವುದು ಗೊತ್ತೇ ಆಗುವುದಿಲ್ಲ, ರಾತ್ರಿ ಭುಜ ಉರಿಯುತ್ತದೆ. ಅಮೆರಿಕನ್ ಡಾಲರೇ ಇಲ್ಲಿನ ಹಣ, ಅದಕ್ಕೆ 1, 5, 10ರ ಸಣ್ಣ ನೋಟುಗಳನ್ನು ಇಟ್ಟುಕೊಳ್ಳಿ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ರೋಮಿಂಗ್ ಬಿಲ್ ನೋಡಿ ಬೆಚ್ಚುತ್ತೀರಿ.

ಊಟದ ವಿಷಯ. ಹಡಗಿನ ಹಣ್ಣು, ತಿಂಡಿಯನ್ನು ಸಾಮಾನ್ಯವಾಗಿ ಹೊರಗೆ ಒಯ್ಯಲು ಬಿಡುವುದಿಲ್ಲ. ಸೀಲ್ ಒಡೆಯದ ಪೊಟ್ಟಣಗಳಿಗೆ ಅಡ್ಡಿ ಕಡಿಮೆ. ಮೀನು ತಿನ್ನುವವರಿಗೆ ಇಲ್ಲಿ ಹಬ್ಬ. ಕಾಂಕ್ ಎಂಬ ದೊಡ್ಡ ಶಂಖದ ಮಾಂಸದ ಬೋಂಡಾ ಬಹಳ ಹೆಸರುವಾಸಿ. ಸಸ್ಯಾಹಾರಿಗಳು ಮಾತ್ರ ಕೇಳಿ ತಿನ್ನಬೇಕು. 'ಪೀಸ್ ಆ್ಯಂಡ್ ರೈಸ್' ಹೆಸರು ಕೇಳಿದರೆ ಕಾಳಿನ ಅನ್ನ ಅನಿಸುತ್ತದೆ. ಅದಕ್ಕೆ ಹಂದಿಮಾಂಸದ ಚೂರು ಹಾಕುವುದೂ ಉಂಟು. ಹಡಗಿನಲ್ಲೇ ಹೊಟ್ಟೆ ತುಂಬಾ ತಿಂಡಿ ತಿಂದು ಇಳಿಯುವುದು ಸುಲಭ.

ಹಡಗು ನಿಲ್ಲದೇ ಹೋದರೆ?

ಹಾಗೂ ಆಗುತ್ತದೆ. ಗಾಳಿ ಜೋರಾಗಿದ್ದರೆ ಕ್ಯಾಪ್ಟನ್ ಕಟ್ಟೆಗೆ ಬಾರದೆ ಮುಂದೆ ಹೋಗುತ್ತಾರೆ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. 2008ರಲ್ಲಿ ಐಕ್ ಚಂಡಮಾರುತ ಈ ದ್ವೀಪವನ್ನು ಜಜ್ಜಿಹಾಕಿತ್ತು. ಹಡಗಿನ ಮೂಲಕ ಬುಕ್ ಮಾಡಿದ ಪ್ರವಾಸದ ಹಣ ವಾಪಸ್ ಬರುತ್ತದೆ. ಹೊರಗೆ ಬುಕ್ ಮಾಡುವಾಗ 'ಹಡಗು ಬಾರದಿದ್ದರೆ ಪೂರ್ತಿ ಹಣ ವಾಪಸ್' ಎಂಬ ಸಾಲು ಇದೆಯಾ ನೋಡಿ.

ವಾಪಸ್ ಹತ್ತಿದ ಮೇಲೆ

ಕಾಲಿನ ಮರಳು ತೊಳೆದು, ಚಹಾ ಹಿಡಿದು, ದ್ವೀಪ ಕಾಣುವ ಕಡೆಯ ಡೆಕ್ಕಿಗೆ ಹೋಗಿ. ಹಡಗು ಕಟ್ಟೆ ಬಿಡುವಾಗ ಕೆಳಗೆ ನೋಡಿ. ತಿಳಿಹಸಿರು ನೀರು ಒಂದು ಗೆರೆಯ ಹತ್ತಿರ ಮುಗಿದು, ಅಲ್ಲಿಂದಾಚೆ ಕಡುನೀಲಿ. ಆ ಗೋಡೆ ಕೆಳಗಿಳಿಯುವುದು ಅಲ್ಲೇ. ಜನವರಿಯಿಂದ ಏಪ್ರಿಲ್‌ವರೆಗಿನ ತಿಂಗಳಾದರೆ ಬೈನಾಕ್ಯುಲರ್ ತನ್ನಿ. ದಕ್ಷಿಣಕ್ಕೆ ಮರಿ ಹಾಕಲು ಹೋಗುವ ಹಂಪ್‌ಬ್ಯಾಕ್ ತಿಮಿಂಗಿಲಗಳು ಈ ನೀಲಿಯಲ್ಲೇ ಸಾಗುತ್ತವೆ.