ಕ್ಯಾನ್‌ಬೆರಾ ನೋಡೋದಾದ್ರೆ ಮೊದಲು ಗುಡ್ಡ ಹತ್ತಿ

ಸಕಲೇಶಪುರದ ಮಂಜರಾಬಾದ್ ಕೋಟೆಗೆ ಹೋದವರಿಗೆ ಗೊತ್ತು, ಒಳಗೆ ನಿಂತರೆ ಅದು ನಕ್ಷತ್ರದ ಆಕಾರ ಅಂತ ಹೊಳೆಯುವುದೇ ಇಲ್ಲ. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾನೂ ಹಾಗೇ. ಹಾಸನದಿಂದ ಮಗಳ ಮನೆಗೋ ತಮ್ಮನ ಮನೆಗೋ ಅಂತ ಹೋದವರು ಸಿಡ್ನಿಯಲ್ಲಿ ಇಳಿದು, ಮೂರು ಗಂಟೆ ಕಾರಲ್ಲಿ ಕೂತು ಬಂದು, "ಊರು ಇನ್ನೂ ಎಷ್ಟು ದೂರ?" ಅಂತ ಊರೊಳಗೇ ಕೇಳುತ್ತಾರೆ. ನಾನೂ ಕೇಳಿದ್ದೆ.

ಅದಕ್ಕೇ ಮೊದಲ ದಿನ ಮೌಂಟ್ ಏನ್ಸ್ಲಿ ಗುಡ್ಡ ಹತ್ತಿ. ಕಾರು ತುದಿವರೆಗೂ ಹೋಗುತ್ತದೆ. ಕಾಲಲ್ಲಿ ಶಕ್ತಿ ಇದ್ದರೆ ಯುದ್ಧ ಸ್ಮಾರಕದ ಹಿಂದಿನಿಂದ ಕಾಲುದಾರಿ ಇದೆ, ಸಂಜೆ ಹೊತ್ತಾದರೆ ಕಾಂಗರೂ ಸಿಕ್ಕರೂ ಸಿಗಬಹುದು. ಮೇಲೆ ನಿಂತು ಕೆಳಗೆ ನೋಡಿ: ಸ್ಮಾರಕ, ಅಗಲವಾದ ಆನ್‌ಜ್ಯಾಕ್ ಪರೇಡ್ ರಸ್ತೆ, ಕೆರೆ, ಹಳೇ ಪಾರ್ಲಿಮೆಂಟು, ಅದರ ಹಿಂದೆ ಹೊಸದು, ಎಲ್ಲಾ ದಾರ ಹಿಡಿದು ಎಳೆದ ಹಾಗೆ ಒಂದೇ ಗೆರೆಯಲ್ಲಿ. 1912ರಲ್ಲಿ ಈ ಊರಿನ ನಕ್ಷೆ ಬರೆಯುವ ಸ್ಪರ್ಧೆ ಗೆದ್ದ ವಾಲ್ಟರ್ ಬರ್ಲಿ ಗ್ರಿಫಿನ್ ಆಗ ಆ ಜಾಗವನ್ನೇ ನೋಡಿರಲಿಲ್ಲ. ಚಿತ್ರಗಳನ್ನು ಬರೆದದ್ದು ಹೆಂಡತಿ ಮರಿಯನ್. ಕೆರೆಗೆ ಗಂಡನ ಹೆಸರು ಇಟ್ಟರು, ಗುಡ್ಡದ ತುದಿಯಲ್ಲಿ ನೀವು ನಿಂತು ನೋಡುವ ಆ ಜಾಗಕ್ಕೆ ಆಕೆಯ ಹೆಸರು ಬಂದದ್ದು 2013ರಲ್ಲಿ! ನಕ್ಷೆಯಲ್ಲಿದ್ದ ಕೆರೆ ತುಂಬಿದ್ದೂ 1964ಕ್ಕೆ. ಕೆಲಸ ಎಳೆಯುವುದು ನಮ್ಮ ಕಡೆ ಮಾತ್ರ ಅಂದುಕೊಂಡಿದ್ದೆ.

ಊರು ಇಷ್ಟು ಬಿಡುಬಿಡಾಗಿ ಯಾಕಿದೆ ಅಂದರೆ, ಅದು ಸಂತೆಯಿಂದಲೋ ಬಂದರಿನಿಂದಲೋ ಬೆಳೆದದ್ದಲ್ಲ. ರಾಜಧಾನಿ ತನಗೇ ಬೇಕು ಅಂತ ಸಿಡ್ನಿ, ಮೆಲ್ಬೋರ್ನ್ ಎರಡೂ ಹಟ ಹಿಡಿದಿದ್ದವು. ಸಿಡ್ನಿ ಇರುವ ರಾಜ್ಯದಲ್ಲೇ ಆಗಲಿ, ಆದರೆ ಸಿಡ್ನಿಯಿಂದ 100 ಮೈಲಿಯಾದರೂ ಆಚೆ ಇರಲಿ ಅಂತ ಸಂವಿಧಾನದಲ್ಲೇ ಬರೆದರು. ಸುತ್ತಲ ಗುಡ್ಡಗಳ ಮೇಲೆ ಮನೆ ಕಟ್ಟದೆ ಕಾಡು ಉಳಿಸಿಕೊಂಡರು. ನನಗೆ ಜಾಸ್ತಿ ಹಿಡಿಸಿದ್ದು ಇದೇ, ಆದರೆ ರಾತ್ರಿ ಎಂಟಕ್ಕೆ ಬಸ್‌ಸ್ಟ್ಯಾಂಡ್ ಪಕ್ಕ ಒಂದು ಟೀ ಅಂಗಡಿ ಹುಡುಕಬೇಡಿ, ಸುಮ್ನೆ ಬೇಜಾರಾಗುತ್ತದೆ.

ಎರಡನೇ ದಿನ ಪಾರ್ಲಿಮೆಂಟು. 1988ರ ಕಟ್ಟಡ, ಗುಡ್ಡ ಅಗೆದು ಕಟ್ಟಿ ಮೇಲೆ ಮತ್ತೆ ಹುಲ್ಲು ಹೊದಿಸಿದ್ದಾರೆ. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ಯುದ್ಧ ಸ್ಮಾರಕಕ್ಕೂ ಅಷ್ಟೇ.

ನಕ್ಷೆಯಲ್ಲಿ ಹತ್ತಿರ ಕಾಣುತ್ತದೆ ಅಂತ ನಡೆಯಲು ಹೋಗಬೇಡಿ, ಕಾಲು ಬಿದ್ದು ಹೋಗುತ್ತದೆ. 2019ರಿಂದ ಟ್ರಾಮ್ ಇದೆ, ಸದ್ಯಕ್ಕೆ ಅದು ಕೆರೆ ದಾಟಲ್ಲ. ಬಸ್ಸೋ ಮನೆಯವರ ಕಾರೋ ನೋಡಿಕೊಳ್ಳಿ.

ಜೂನ್, ಜುಲೈಯಲ್ಲಿ ಹೋಗುವವರು ಚಿಕ್ಕಮಗಳೂರಿನ ಚಳಿ ಕಂಡಿದ್ದೀವಿ ಅಂತ ಒಂದೇ ಸ್ವೆಟರ್ ತುಂಬಿಕೊಂಡು ಹೋಗಬೇಡಿ, ಅಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಕಾಫಿಪುಡಿ, ಚಟ್ನಿಪುಡಿ ಏನೇ ಒಯ್ದರೂ ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ತಿನ್ನುವ ಸಾಮಾನು ಇದೆ ಅಂತ ಬರೆದುಬಿಡಿ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.