ಮೋಲ್ಡಿನಲ್ಲಿ ಕಲೆ ಕಂಡಾಗ ನಾನು ಏನು ಮಾಡಿದೆ

ವಿಜಯನಗರದಲ್ಲಿ ನಮ್ಮದು ಹಳೇ ಮನೆ. ಮಹಡಿ ರೂಮಿನ ಮೋಲ್ಡಿನಲ್ಲಿ, ಅಂದರೆ ಕಾಂಕ್ರೀಟ್ ಚಾವಣಿಯಲ್ಲಿ, ಫ್ಯಾನ್ ಪಕ್ಕ ಒಂದು ಹಳದಿ ಕಲೆ ಎದ್ದಿತು. ಅಂಚು ಕಂದು ಬಣ್ಣ. "ಪುಟ್ಟಿ ಎಳೆದು ಬಣ್ಣ ಹೊಡೆದರೆ ಆಯ್ತು ಸಾರ್" ಅಂದ ಪೇಂಟರ್. ಬೇಡ ಎಂದೆ. ನೀರು ನಿಲ್ಲಿಸದೆ ಬಣ್ಣ ಹೊಡೆದರೆ ಗುಳ್ಳೆ ಎದ್ದು ಉದುರುತ್ತದೆ, ಅಷ್ಟೇ.

ಮೊದಲು ಆ ರೂಮಿನ ಸ್ವಿಚ್ಚನ್ನು ಮೇನ್ ಬೋರ್ಡಿನಲ್ಲೇ ಆಫ್ ಮಾಡಿದೆ. ನೀರು, ಕರೆಂಟು ಎರಡೂ ಒಂದೇ ಕಡೆ ಇದ್ದರೆ ಹುಡುಗಾಟ ಅಲ್ಲ. ಆಮೇಲೆ ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದೆ. ಮಳೆಗೆ ಮಾತ್ರ ಕಲೆ ಗೆರೆ ದಾಟಿದರೆ ತಾರಸಿಯ ಮೇಲೆ ಅನುಮಾನ. ಮಳೆ ಇಲ್ಲದಾಗಲೂ ಬೆಳೆದರೆ ಟ್ಯಾಂಕು, ಪೈಪು ಅಥವಾ ಬಚ್ಚಲು. ನಮ್ಮದು ಮೇ ತಿಂಗಳ ಗುಡುಗು ಮಳೆಗೇ ದಾಟಿತು.

ಫ್ಯಾನಿನ ನೇರ ಮೇಲೆ ತಾರಸಿಯಲ್ಲಿ ಬಿರುಕೇ ಇಲ್ಲ! ಮೋಲ್ಡ್ ಒಳಗಿನ ವೈರಿಂಗ್ ಪೈಪಿಗೆ ನೀರು ಸೇರಿದರೆ ಅದು ಎಲ್ಲೋ ಇಳಿದು ಫ್ಯಾನ್ ಹುಕ್ಕಿನ ಹತ್ತಿರ ಹೊರಬರುತ್ತದೆ. ಅದಕ್ಕೇ ಒದ್ದೆ ಗೋಣಿಚೀಲಗಳಿಂದ ಕಟ್ಟೆ ಕಟ್ಟಿ, ತಾರಸಿಯ ಒಂದೊಂದೇ ಭಾಗಕ್ಕೆ ಎರಡು ಬೆರಳಷ್ಟು ನೀರು ನಿಲ್ಲಿಸಿ ನೋಡಿದೆ. ಒಂದು ಭಾಗ ನೋಡಿ ಮುಗಿಯದೆ ಇನ್ನೊಂದಕ್ಕೆ ಹೋಗಲಿಲ್ಲ. ಕಳ್ಳ ಸಿಕ್ಕಿದ್ದು ಸೋಲಾರ್ ಹೀಟರ್ ಸ್ಟ್ಯಾಂಡಿನ ಕಾಲುಗಳಲ್ಲಿ. ಬೋಲ್ಟ್ ಹಾಕಲು ತಾರಸಿಗೆ ತೂತು ಕೊರೆದು ಹಾಗೇ ಬಿಟ್ಟಿದ್ದರು. ಪ್ಯಾರಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಯಲ್ಲೂ ಕೂದಲೆಳೆ ಬಿರುಕು ಇತ್ತು.

ರಿಪೇರಿ ಒಣ ಹವೆಯಲ್ಲೇ ಆಗಬೇಕು. ಫೆಬ್ರವರಿಯಲ್ಲಿ ಮಾಡಿಸಿದೆ. ಬೋಲ್ಟ್ ತೆಗೆದು ತೂತು ತುಂಬಿಸಿ, ಸ್ಟ್ಯಾಂಡನ್ನು ಭಾರವಾದ ಕಾಂಕ್ರೀಟ್ ದಿಮ್ಮಿಗಳಿಗೆ ಬಿಗಿಸಿದೆವು. ಬಿರುಕನ್ನು ಸ್ವಲ್ಪ ಅಗಲಿಸಿ ಪಾಲಿಮರ್ ಬೆರೆಸಿದ ಗಾರೆ ತುಂಬಿಸಿದೆ. ಪ್ಯಾರಪೆಟ್ ಮೂಲೆಗೆ ಗಾರೆಯಿಂದಲೇ ದುಂಡನೆಯ ಇಳಿಜಾರು ಕೊಡಿಸಿದೆ. ಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಎರಡು ಸಲ. ಎರಡನೆಯದು ಮೊದಲನೆಯದಕ್ಕೆ ಅಡ್ಡಲಾಗಿ. ಮೇಸ್ತ್ರಿ ಒಂದೇ ಸಲ ದಪ್ಪಗೆ ಬಳಿಯಲು ಹೊರಟಿದ್ದ, ಪಕ್ಕದಲ್ಲೇ ನಿಂತು ತಡೆದೆ.

ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ, ಅಲ್ವಾ? ಅದಕ್ಕೆ ಮೊದಲೇ ನೀರು ಹೋಗುವ ಜಾಲರಿಯಿಂದ ಹೊಂಗೆ ಎಲೆ ತೆಗೆಯುತ್ತೇನೆ. ಮಳೆ ನೀರು ಕೊಯ್ಲಿನ ಫಿಲ್ಟರನ್ನೂ ತೊಳೆಯುತ್ತೇನೆ. ಅದು ಕಟ್ಟಿಕೊಂಡರೆ ನೀರು ತಾರಸಿಯಲ್ಲೇ ನಿಲ್ಲುತ್ತದೆ. ಹೆಂಡತಿಯ ದಾಸವಾಳದ ಕುಂಡಗಳ ಕೆಳಗೆ ಈಗ ಇಟ್ಟಿಗೆ ಬಂದಿವೆ, ಕೆಳಗೆ ಗಾಳಿಯಾಡುತ್ತದೆ.

ಕಲೆ ತುಕ್ಕಿನ ಬಣ್ಣದ್ದಾಗಿ ಸಿಮೆಂಟು ಚೆಕ್ಕೆ ಏಳುತ್ತಿದ್ದರೆ, ಅಥವಾ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಈ ಗೋಣಿಚೀಲದ ಪರೀಕ್ಷೆ ಮಾಡಲೇ ಬೇಡಿ. ಒಳಗಿನ ಕಂಬಿ ತುಕ್ಕು ಹಿಡಿದಿರಬಹುದು. ಮೊದಲು ಇಂಜಿನಿಯರ್ ಬಂದು ನೋಡಲಿ.